ಗೆನ್ಸಾಕು ಕಟ್ಟಿದ ಗಂಟು

ನಮ್ಮೂರಿನ ಗಂಡಸರು ಬೆಟ್ಟದಿಂದ ಕಿತ್ತು ತಂದ ಮರಗಳೆಲ್ಲ ಮೊದಲು ಇಳಿಯುತ್ತಿದ್ದದ್ದು ಇಸೊ ಅಕ್ಕನ ಅಂಗಳದಲ್ಲಿ. ಅವಳು ನಮ್ಮ ಪಕ್ಕದ ಮನೆಯವಳು. ಊರಿಗೆಲ್ಲ ಅವಳೇ ಮರದ ದಾದಿ.

ಆಗ ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿತ್ತು. ಪಟ್ಟಣದವರ ಹೊಟ್ಟೆ ತುಂಬುತ್ತಿದ್ದ ಹಾಗೆ ಬೊನ್ಸಾಯ್ ಹುಚ್ಚೂ ಮರಳಿ ಬಂದಿತ್ತು. ಓಮಿಯಾ ಪಟ್ಟಣದ ಸಾಹುಕಾರರು ರೈಲು ಹತ್ತಿ ಹಿಮೆಕಾವಾ ಹೊಳೆಯ ದಂಡೆಗುಂಟ ನಮ್ಮೂರಿಗೆ ಬರುತ್ತಿದ್ದರು. ಅವರಿಗೆ ಬೇಕಾದದ್ದು ಮ್ಯೋಜೋ ಬೆಟ್ಟದ ಸುಣ್ಣಕಲ್ಲಿನ ಗೋಡೆಯಲ್ಲಿ, ಬಿರುಕಿನೊಳಗೆ ಬೇರು ತೂರಿಸಿಕೊಂಡು, ನೂರಾರು ವರ್ಷ ಗಾಳಿ ಹಿಮಕ್ಕೆ ಸಿಕ್ಕಿ ಮೊಣಕಾಲೆತ್ತರಕ್ಕೇ ತಿರುಚಿ ನಿಂತ ಶಿಂಪಾಕು ಎಂಬ ನಿತ್ಯಹಸಿರಿನ ಮರ. ಅಂಥದ್ದನ್ನು ಕುಂಡದಲ್ಲಿ ಬೆಳೆಸಲು ಯಾವ ದೊಡ್ಡ ಮನುಷ್ಯನಿಗೂ ಆಯುಸ್ಸು ಸಾಲದು. ಹಾಗಾಗಿ ನಮ್ಮ ಗಂಡಸರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಂಡೆಗೆ ಇಳಿಯುತ್ತಿದ್ದರು.

ಕಿತ್ತ ಮರದ ಬೇರಿಗೆ ಅಲ್ಲೇ ಒದ್ದೆ ಪಾಚಿ ಸುತ್ತಿ, ಮೇಲೊಂದು ಹುಲ್ಲಿನ ಚಾಪೆ ಸುತ್ತಿ, ಹಗ್ಗ ಬಿಗಿಯಬೇಕು. ಮನೆಗೆ ಬಂದ ಕೂಡಲೇ ಅದನ್ನು ಬಿಚ್ಚಿ, ಬೆಟ್ಟದ ಮಣ್ಣನ್ನು ತೊಳೆದು, ಕೊಳೆತ ಬೇರು ಕತ್ತರಿಸಿ, ಹೊಳೆಯ ಮರಳು ತುಂಬಿದ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು. ಬಿಚ್ಚಲು ತಡವಾದರೆ ಒಳಗೇ ಬೆಂದು ಕೊಳೆಯುತ್ತದೆ. ಈ ವಿಷಯದಲ್ಲಿ ಇಸೊ ಅಕ್ಕ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಮ್ಮೆ ನನ್ನ ಗಂಡ ಯಾಸುಜೊ ಮರವನ್ನು ಅವಳ ಜಗಲಿಗೆ ಒರಗಿಸಿ, ಒಲೆಯ ಪಕ್ಕ ಕಾಲು ಚಾಚಿ, "ಅಕ್ಕಾ, ಒಂದು ಲೋಟ ಅಕ್ಕಿಹೆಂಡ ಕುಡ್ಕೊಂಡು ಬಿಚ್ತೀನಿ, ಮೈಯೆಲ್ಲ ನೋವು" ಅಂದ.

"ನಿನ್ನನ್ನ ಒದ್ದೆ ಚಾಪೇಲಿ ಸುತ್ತಿ ಮೂಲೇಲಿಟ್ಟು, ನಾನು ಹೆಂಡ ಕುಡ್ಕೊಂಡು ಬಂದು ಬಿಚ್ತೀನಿ, ಆಗುತ್ತಾ? ಏಳೋ ಮೇಲೆ!" ಎಂದು ಅವಳು ಗದರಿದ್ದು ನಮ್ಮ ಮನೆಯ ಹಿತ್ತಿಲಿಗೂ ಕೇಳಿಸಿತು. ಅವನು ಎದ್ದ. ಏಳದವರನ್ನು ನಾನು ಕಂಡಿಲ್ಲ.

ಅವಳ ಗಂಡ ಗೆನ್ಸಾಕು ಅಣ್ಣ ಊರಿನ ಹಗ್ಗದವರಲ್ಲೆಲ್ಲ ಹಿರಿಯ. ಮಾತು ಕಡಿಮೆ, ಕುಚೋದ್ಯ ಜಾಸ್ತಿ. "ನಾನು ಬೆಟ್ಟದಿಂದ ಬಂದ್ರೆ ಇವಳು ಮೊದಲು ಮರದ ಮೈ ಮುಟ್ಟಿ ನೋಡ್ತಾಳೆ. ನನ್ನ ಮೈ ಕೇಳೋರಿಲ್ಲ" ಎಂದು ನಮ್ಮೆದುರಿಗೇ ಅನ್ನುತ್ತಿದ್ದ. "ನೀವು ಬಾಡೋ ಜಾತಿ ಅಲ್ಲ, ಬಿಡಿ" ಎಂದು ಅವಳು ಉಪ್ಪು ಮೂಲಂಗಿ ಹೆಚ್ಚುತ್ತಲೇ ಹೇಳುತ್ತಿದ್ದಳು. ಮಕ್ಕಳಿರಲಿಲ್ಲ. ಇಬ್ಬರಿಗೂ ಒಬ್ಬರನ್ನೊಬ್ಬರು ಕಾಡುವುದೇ ಸಂಸಾರ. ಅವನು ಹಗ್ಗದ ತುದಿಯನ್ನು ಒಳಗೆ ತೂರಿಸಿ ಮಡಿಚಿ ಹಾಕುತ್ತಿದ್ದ ಗಂಟು ಬೇರೆ ಯಾರಿಗೂ ಬಿಚ್ಚಲು ಬರುತ್ತಿರಲಿಲ್ಲ. ಇಸೊ ಅಕ್ಕ ಮಾತ್ರ ಎರಡು ಬೆರಳಿನಲ್ಲಿ ಸಡಿಲಿಸಿಬಿಡುವಳು.

ಆ ವರ್ಷ ಹಿಮ ಕರಗುವ ಹೊತ್ತಿಗೆ ಗೆನ್ಸಾಕು ಅಣ್ಣ ಒಂದು ಮರ ಗುರುತಿಸಿ ಬಂದ. ಯಾರೂ ಇಳಿಯದ ಕಡೆ. ಮೇಲೆ ಹಗ್ಗ ಹಿಡಿಯಲು ನನ್ನ ಗಂಡನನ್ನು ಕರೆದುಕೊಂಡು ಹೋದ. ಮೊದಲು ಮರ, ಆಮೇಲೆ ಮನುಷ್ಯ. ಇದು ಹಗ್ಗದವರ ಪದ್ಧತಿ. ಆ ಪದ್ಧತಿ ಮಾಡಿದವರ ಬಾಯಿಗೆ ಮಣ್ಣು ಬೀಳ. ಮರ ಕಟ್ಟಿ ಆಯಿತೆಂದು ಕೆಳಗಿನಿಂದ ಕೂಗು ಬಂತು. ಯಾಸುಜೊ ಅದನ್ನು ಎಳೆದುಕೊಂಡು ಹುಲ್ಲಿನ ಮೇಲೆ ಇಟ್ಟ. ಗೆನ್ಸಾಕು ಅಣ್ಣನ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಕೆಳಗೆ ಅಣ್ಣನ ಕಾಲಡಿಯ ಕಲ್ಲು ಕಿತ್ತು ಬಂತು. ಹಗ್ಗ ಬಂಡೆಯ ಅಂಚಿಗೆ ಉಜ್ಜಿ ತುಂಡಾಯಿತು.

ಅವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಯಾಸುಜೊ ಹಿಂದಿನಿಂದ ಆ ಮರವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಎಲ್ಲಾದರೂ ಎಸೆದು ಬರಬಾರದಿತ್ತೇ ಎಂದು ನಾನು ಆಮೇಲೆ ಕೂಗಾಡಿದೆ. "ಅಣ್ಣ ಕಟ್ಟಿ ಕೊಟ್ಟಿದ್ದು ಕಣೇ, ಹೆಂಗೆ ಎಸೀಲಿ?" ಎಂದ. ಅಂದಿನಿಂದ ಅವನು ಇಸೊ ಅಕ್ಕನ ಮುಖ ನೋಡಿ ಮಾತಾಡಲಿಲ್ಲ.

ಹೆಣ ಸುಟ್ಟು ಬಂದ ದಿನ ಮಾತ್ರ ಅವಳ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು, "ಅಕ್ಕಾ, ಮರ ನಾನು ಬಿಚ್ಚಲಾ? ತಡ ಆಗ್ತಿದೆ" ಅಂದ.

"ಮುಟ್ಟಬೇಡ. ಅದು ನನ್ನ ಕೆಲಸ."

ಮಾರನೆಯ ಬೆಳಿಗ್ಗೆ ನಾನು ಮಿಸೊ ಸಾರು ತೆಗೆದುಕೊಂಡು ಹೋಗುವಷ್ಟರಲ್ಲಿ ಮರ ಪೆಟ್ಟಿಗೆಯಲ್ಲಿ ನಿಂತಿತ್ತು, ಕುತ್ತಿಗೆಯವರೆಗೆ ಮರಳು. ಸದ್ಯ, ದುಃಖದಲ್ಲೂ ಕೈ ತಪ್ಪಲಿಲ್ಲ ಎಂದುಕೊಂಡೆ.

ಮರ ಎಂಥದ್ದು ಎಂದು ಅಂದು ಸರಿಯಾಗಿ ನೋಡಿದೆ. ಮುಕ್ಕಾಲು ಭಾಗ ಸತ್ತು ಮೂಳೆಯ ಹಾಗೆ ಬೆಳ್ಳಗಾಗಿತ್ತು. ಒಂದು ಪಕ್ಕದಲ್ಲಿ ಮಾತ್ರ ಬೆರಳಗಲದ ಕೆಂಪು ತೊಗಟೆ ಸುತ್ತಿ ಸುತ್ತಿ ಮೇಲೆ ಹೋಗಿ, ಒಂದು ಹಿಡಿ ಹಸಿರನ್ನು ಹೊತ್ತಿತ್ತು. ಅದರ ಪ್ರಾಣವೆಲ್ಲ ಆ ಪಟ್ಟಿಯಲ್ಲಿ. ನಮ್ಮೂರಿಗೆ ಅಂಥ ಮರ ಅದಕ್ಕೆ ಮೊದಲು ಬಂದಿರಲಿಲ್ಲ.

ಇಸೊ ಅಕ್ಕ ದಿನವಿಡೀ ಅದರ ಮುಂದೆಯೇ ಇರುತ್ತಿದ್ದಳು. ಎಲೆಗೆ ನೀರು ಚಿಮುಕಿಸುವಳು, ಬಿಸಿಲು ತಿರುಗಿದಂತೆ ನೆರಳಿನ ತಟ್ಟಿಯನ್ನು ತಿರುಗಿಸುವಳು. ಒಂದು ದಿನ ನನ್ನ ಕೈ ಹಿಡಿದು ಹೇಳಿದಳು: "ಇದು ಚಿಗುರಿದ್ರೆ ಸಾಕು ಫುಮಿ. ಅವರು ಸುಮ್ಮನೆ ಸತ್ತಂಗಾಗಲ್ಲ." ನನಗೆ ಅಳು ತಡೆಯಲಾಗಲಿಲ್ಲ. ಊರಿಗೆ ಊರೇ ಆ ಮರ ಚಿಗುರಲಿ ಎಂದು ಹರಕೆ ಹೊತ್ತಿತ್ತು.

ಶಿಂಪಾಕುವಿಗೆ ಒಂದು ಕೆಟ್ಟ ಗುಣ ಇದೆ. ಬೇರು ಸತ್ತರೂ ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ತಾನು ಸತ್ತದ್ದು ತನಗೇ ಗೊತ್ತಿಲ್ಲದ ಹಾಗೆ. ಹೊಸ ಚಿಗುರು ಕಾಣುವ ತನಕ ನಂಬುವ ಹಾಗಿಲ್ಲ.

ಶರತ್ಕಾಲಕ್ಕೆ ಓಮಿಯಾದ ಕುರಿಹಾರ ಸಾಹುಕಾರರು ಬಂದರು. ಕೊಳ್ಳುವವರಲ್ಲಿ ಕೊಂಚ ಮನುಷ್ಯರಂಥ ಮನುಷ್ಯ. ಮರ ಕಂಡವರೇ ಟೋಪಿ ತೆಗೆದು ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಅಮ್ಮಾ, ಇಷ್ಟು ಹಸಿರಾಗಿದೆಯಲ್ಲ, ಇವತ್ತೇ ಕೊಟ್ಟುಬಿಡಿ."

"ಹಸಿರು ನೋಡಿ ಕೆಟ್ಟವರು ಬೇಕಾದಷ್ಟು ಜನ ಸಾಹುಕಾರ್ರೆ. ಚಿಗುರಲಿ, ಆಮೇಲೆ ಬನ್ನಿ."

"ಮಾರೋರೇ ಕೊಳ್ಳೋರಿಗೆ ಬುದ್ಧಿ ಹೇಳೋದನ್ನ ಈ ಊರಲ್ಲೇ ನೋಡಿದ್ದು" ಎಂದು ನಕ್ಕು ಹೋದರು.

ಚಳಿಗಾಲದಲ್ಲಿ ನಮ್ಮಲ್ಲಿ ಹಿಮ ಸೂರು ಮುಟ್ಟುತ್ತದೆ. ಅವಳು ಮರಕ್ಕೆ ಹುಲ್ಲಿನ ಗೂಡು ಕಟ್ಟಿ, ಗಂಡನ ಹಳೆಯ ಮಳೆಗಂಬಳಿ ಹೊದಿಸಿದಳು. ಹಿಮ ಕರಗಿದಾಗ ಉಳಿದ ಪೆಟ್ಟಿಗೆಗಳ ಮರಗಳೆಲ್ಲ ತುದಿಯಲ್ಲಿ ತಿಳಿಹಸಿರು ಬಿಟ್ಟವು. ಇದು ಬಿಡಲಿಲ್ಲ. ಎಲೆಯ ಹೊಳಪು ದಿನದಿನಕ್ಕೆ ಇಂಗುತ್ತಾ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ನನಗೂ ಕಾಣುತ್ತಿತ್ತು, ಅವಳಿಗೆ ಕಾಣದೆ ಇರುತ್ತದೆಯೇ? ಆದರೂ ನೀರು ಚಿಮುಕಿಸುವುದನ್ನು ಬಿಡಲಿಲ್ಲ. ನಾನೂ ಕೊಡ ತುಂಬಿಕೊಡುವುದನ್ನು ಬಿಡಲಿಲ್ಲ.

ಮೇ ತಿಂಗಳಲ್ಲಿ ಕುರಿಹಾರ ಮತ್ತೆ ಬಂದರು. ಈ ಸಲ ನಗಲಿಲ್ಲ. ಎಲೆಯನ್ನು ಮುಟ್ಟಿ ನೋಡಿ, ಒದ್ದೆ ಎಷ್ಟಿದೆ ಎಂದು ತಿಳಿಯಲು ಮರಳಿಗೆ ಬೆರಳು ತೂರಿಸಿದರು. ಬೆರಳಿಗೆ ಏನೋ ತಡೆಯಿತು. ಮರಳನ್ನು ಪಕ್ಕಕ್ಕೆ ಸರಿಸಿದರು. ಕಪ್ಪಾದ ಹುಲ್ಲಿನ ಹಗ್ಗ. ಅದರಡಿ ಚಾಪೆ. ಕೊಳೆತ ವಾಸನೆ ನನ್ನ ಮೂಗಿಗೂ ಬಡಿಯಿತು.

"ಇದೇನಮ್ಮಾ? ಕಟ್ಟು ಬಿಚ್ಚೇ ಇಲ್ಲ!"

ಊರಿನ ಗಂಡಸರನ್ನೆಲ್ಲ ಇದೇ ಕಟ್ಟಿಗಾಗಿ ಅಟ್ಟಾಡಿಸಿದವಳು ಅವಳು. ಮಣ್ಣಿನ ಮೇಲೆ ಕುಸಿದು ಕೂತಳು.

"ಬಿಚ್ಚೋಕೆ ಕೂತಿದ್ದೆ ಸಾಹುಕಾರ್ರೆ. ಅದು ಅವರು ಹಾಕಿದ ಗಂಟು. ಅವರ ಬೆರಳು ಕಡೇ ಸಲ ಆಡಿದ್ದು ಅದರ ಮೇಲೆ. ಬಿಚ್ಚಿಬಿಟ್ರೆ ಅದೂ ಇರಲ್ವಲ್ಲ ಅನ್ನಿಸ್ತು. ಕೈ ಬರಲಿಲ್ಲ. ಬೆಟ್ಟದ ಮರ, ಗಟ್ಟಿ ಜೀವ, ಹಂಗೇ ಬೇರು ಬಿಡುತ್ತೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡು ಹೂತುಬಿಟ್ಟೆ." ಆಮೇಲೆ ಎದೆಗೆ ಕೈ ಹೊಡೆದುಕೊಂಡಳು. "ಅವರು ಪ್ರಾಣ ಕೊಟ್ಟು ತಂದಿದ್ದನ್ನ ನಾನೇ ಕೊಂದೆ. ನಾನೇ ಕೊಂದೆ ಫುಮಿ."

ನಾನು ಅವಳನ್ನು ತಬ್ಬಿಕೊಂಡು ಕೂತೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕುರಿಹಾರ ಕೊನೆಗೆ ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಇಂಥ ಸತ್ತ ಕಾಂಡದ ಸೀಳಿನಲ್ಲಿ ಒಂದು ಎಳೆಯ ಶಿಂಪಾಕುವನ್ನು ಕೂರಿಸಿ ಬಿಗಿಯುವುದುಂಟು. ಕೆಲವು ವರ್ಷಕ್ಕೆ ಎರಡೂ ಒಂದೇ ಅನ್ನಿಸುತ್ತದೆ. "ಮರ ನಾನೇ ಒಯ್ತೀನಿ. ಯಾರಿಗೂ ಗೊತ್ತಾಗಲ್ಲ. ಅವರು ತಂದ ಮರ ಹಸಿರಾಗಿ ಇರುತ್ತೆ, ನಾಲ್ಕು ಜನ ನೋಡ್ತಾರೆ."

ಇಸೊ ಅಕ್ಕ ಮುಖ ಒರೆಸಿಕೊಂಡು ಅವರನ್ನೇ ನೋಡಿದಳು. ಆ ಅಳುವಿನಲ್ಲೂ ಅವಳ ನಾಲಿಗೆ ಸುಮ್ಮನಿರಲಿಲ್ಲ.

"ಅಂದ್ರೆ ನಮ್ಮವರ ಅಂಗಿ ಬೇರೆ ಯಾರಿಗೋ ತೊಡಿಸಿ, ತಗೋ ನಿನ್ನ ಗಂಡ ಅಂತ ತಂದು ಕೂರಿಸ್ತೀರಾ?"

ಸಾಹುಕಾರರು ಕಿವಿಯವರೆಗೂ ಕೆಂಪಾದರು. ಎದ್ದು, ಮರಕ್ಕೊಮ್ಮೆ ಅವಳಿಗೊಮ್ಮೆ ತಲೆ ಬಾಗಿಸಿ, ಚಹಾ ಕೂಡ ಕುಡಿಯದೆ ಹೊರಟುಹೋದರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ.

ಅವರು ಹೋದ ಮೇಲೆ ಅವಳು ಮರವನ್ನು ಮರಳಿನಿಂದ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡಳು. ಹಗ್ಗ ಎಳೆದರೆ ಹರಿಯುವಷ್ಟು ಲಡ್ಡಾಗಿತ್ತು. ಅವಳು ಎಳೆಯಲಿಲ್ಲ. ಒಳಗೆ ತೂರಿದ್ದ ತುದಿಯನ್ನು ಹುಡುಕಿ, ಅವನು ಮಡಿಚಿದ್ದ ಒಂದೊಂದೇ ಮಡಿಕೆಯನ್ನು ಹಿಂದಕ್ಕೆ ಬಿಡಿಸಿ, ಗಂಟು ಬಿಚ್ಚಿದಳು. ಒಳಗೆ ಬೇರೆಲ್ಲ ಕಪ್ಪು ಲೋಳೆ. ಅದನ್ನು ತೊಳೆದಳು. ಆಮೇಲೆ ಗರಗಸ ತಂದಳು.

ಸಂಜೆ ಅವಳ ಬಚ್ಚಲಿನಿಂದ ಹೊಗೆ ಎದ್ದಿತು. ನಮ್ಮ ಸಾಲಿನಲ್ಲಿ ಒಬ್ಬರು ನೀರು ಕಾಯಿಸಿದರೆ ಅಕ್ಕಪಕ್ಕದವರೆಲ್ಲ ಅಲ್ಲೇ ಸ್ನಾನಕ್ಕೆ ಹೋಗಿ, ಮನುಷ್ಯ ಕೂರುವಷ್ಟು ದೊಡ್ಡ ಆ ಒಂದೇ ಹಂಡೆಯ ನೀರಿಗೆ ಒಬ್ಬರಾದ ಮೇಲೊಬ್ಬರು ಇಳಿಯುವುದು ರೂಢಿ. ಅವಳು ವರ್ಷದಿಂದ ಹಂಡೆಗೆ ಬೆಂಕಿ ಹಾಕಿರಲಿಲ್ಲ. ಶಿಂಪಾಕು ಉರಿಯುವ ಕಂಪು ಕೇರಿಯ ತುಂಬ ಹರಡಿತ್ತು. ಬರುವುದಿಲ್ಲ ಎಂದ ಯಾಸುಜೊನ ತೋಳು ಹಿಡಿದು ಎಳೆದುಕೊಂಡೇ ಹೋದೆ.

ಬಚ್ಚಲ ಬಾಗಿಲಲ್ಲಿ ಇಸೊ ಅಕ್ಕ ನಮ್ಮನ್ನು ತಡೆದಳು. "ಸ್ವಲ್ಪ ತಾಳಿ."

ಮೊದಲ ನೀರು ಮನೆಯ ಯಜಮಾನನದು. ಒಳಗೆ ಹಂಡೆಯ ನೀರು ಹಬೆಯಾಡುತ್ತಿತ್ತು. ಅಂಚಿನ ಮೇಲೆ ಗೆನ್ಸಾಕು ಅಣ್ಣನ ನೀಲಿ ಟವೆಲು ಮಡಿಚಿ ಇಟ್ಟಿತ್ತು. ಅವಳು ಬಾಗಿಲು ಮುಚ್ಚಿದಳು. ನಾವು ಮೂವರೂ ಅಂಗಳದಲ್ಲಿ ನಿಂತೆವು. ಒಲೆಯೊಳಗೆ ಮರ ಚಟಪಟಿಸುತ್ತಿತ್ತು. ವರ್ಷದಿಂದ ತುಟಿ ಕಚ್ಚಿಕೊಂಡೇ ಇದ್ದ ನನ್ನ ಗಂಡ ಅಲ್ಲಿ ಮಗುವಿನ ಹಾಗೆ ಗೊಳೋ ಎಂದು ಅತ್ತ. "ಮರ ಬಿಟ್ಟು ಅಣ್ಣನ್ನ ಮೊದಲು ಎಳೀಬೇಕಿತ್ತು ಅಕ್ಕಾ, ಅಣ್ಣನ್ನ ಮೊದಲು ಎಳೀಬೇಕಿತ್ತು."

ಅವಳು ಗಂಡಸೊಬ್ಬ ಮಿಂದು ಮುಗಿಸುವಷ್ಟು ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಬಾಗಿಲು ತೆಗೆದು, ನೀರಿಗೆ ಕೈ ಅದ್ದಿ ನೋಡಿದಳು.

"ಅವರದ್ದಾಯ್ತು" ಎಂದಳು. "ಯಾಸುಜೊ, ಈಗ ನೀನು ಇಳಿಯಪ್ಪಾ. ನೀರು ಆರಿಹೋಗುತ್ತೆ."