ಅಂಟಿದ ಹಾಳೆಯಿಂದ ಸವಾರನನ್ನು ಬಿಡಿಸಿದ ಅಂಬುಬಾಯಿ

ಬೆಳಗಿನ ಆರೂಮುಕ್ಕಾಲು. ಸಿಕಂದರಾಬಾದಿನ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ಅಂಬುಬಾಯಿ ಪೂರ್ವದ ಕಿಟಕಿ ತೆರೆದು ಮೇಜಿನ ಮೇಲೆ ಬಾಗಿದ್ದಾರೆ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಕಾಗದ ಎಲ್ಲಿ ಅಂಟಿದೆ, ಎಲ್ಲಿ ಉಬ್ಬಿದೆ ಎಂಬುದು ಕಾಣುತ್ತದೆ. ಕೈಯಲ್ಲಿ ಬಿದಿರಿನ ತೆಳು ಚೂರಿ. ಅದನ್ನು ಎರಡು ಹಾಳೆಗಳ ನಡುವೆ ತೂರಿಸಿ ಅಕ್ಕಿಕಾಳಿನಷ್ಟು ಮುಂದೆ ತಳ್ಳುತ್ತಾರೆ. ನಿಲ್ಲಿಸುತ್ತಾರೆ. ಮತ್ತೆ ಒಂದು ಕಾಳಿನಷ್ಟು.

"ಬಿಸಲು ಏರಿತಂದ್ರ ಫ್ಯಾನ್ ಬೇಕಾಕೈತ್ರಿ. ಫ್ಯಾನ್ ಹಾಕಿದ್ರ ಹಾಳಿ ಹಾರತಾವ. ಅದಕ್ಕ ಉಪ್ಪಲ್‌ದಿಂದ ಮೊದಲನೇ ಮೆಟ್ರೊ ಹಿಡದು ಬಂದ್ಬಿಡ್ತೀನಿ" ಎನ್ನುತ್ತಾರೆ, ತಲೆ ಎತ್ತದೆ.

ಅರವತ್ಮೂರರ ಅಂಬುಬಾಯಿ ಒಂದು ಖಾಸಗಿ ದಾಖಲೆ ಸಂಗ್ರಹದಲ್ಲಿ ಹರಿದ, ಹುಳ ತಿಂದ ಕಾಗದಗಳನ್ನು ದುರಸ್ತಿ ಮಾಡುತ್ತಾರೆ. ದಿನಕ್ಕೆ ನಾಲ್ಕು ಹಾಳೆ, ಚೆನ್ನಾಗಿದ್ದರೆ ಐದು. ಹನ್ನೊಂದು ವರ್ಷಗಳಲ್ಲಿ ಅವರ ಕೈಯಲ್ಲಿ ಜೀವ ಪಡೆದ ಹಾಳೆಗಳು ಹನ್ನೆರಡು ಸಾವಿರ ದಾಟಿವೆ. ಅವರ ಅಜ್ಜ ಬೀದರ್ ಕಡೆಯಿಂದ ಬಂದು ನಿಜಾಮರ ಕಾಲದ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಉರ್ದು ಮನೆಯಲ್ಲೇ ಬಂತು. ಪತಿ ಮಲ್ಲಿಕಾರ್ಜುನ ಕೋಠಿ ಬಜಾರಿನಲ್ಲಿ ಪುಸ್ತಕ ಕಟ್ಟುತ್ತಿದ್ದರು. ಕಟ್ಟಿಂಗ್ ಮಷಿನ್‌ನಲ್ಲಿ ಅವರ ಬಲಗೈಯ ಮೂರು ಬೆರಳು ಹೋದ ಮೇಲೆ ಅವರು ಹೇಳುತ್ತ ಹೋದರು, ಇವರು ಮಾಡುತ್ತ ಹೋದರು. "ಅವರು ತೀರಿಕೊಂಡು ಒಂಬತ್ತು ವರ್ಷ ಆತು. ಹಾಳಿ ಜೋರಾಗಿ ಎಳದ್ರ ಇನ್ನೂ ಬೈದಂಗ ಆಕೈತಿ" ಎಂದು ನಗುತ್ತಾರೆ.

ಎರಡು ವರ್ಷಗಳ ಹಿಂದೆ ಹರಾಜಾದ ಮನೆಯೊಂದರಿಂದ ಬಂದ ಪೆಟ್ಟಿಗೆಯಲ್ಲಿ ಒಂದು ದಪ್ಪ ದಫ್ತರವಿತ್ತು. ಮಳೆನೀರು ಕುಡಿದು ಇಟ್ಟಿಗೆಯಂತಾಗಿತ್ತು. ರದ್ದಿಗೆ ಹಾಕೋಣವೆಂದರು ಕೆಲವರು. ಅಂಬುಬಾಯಿ ಮೊದಲ ಹಾಳೆ ಓದಿ, ಬೇಡವೆಂದರು. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್‌ನ ಹಾಜರಿ ಪುಸ್ತಕ.

ಹೈದರಾಬಾದಿನ ಮಾದಾಪುರದಲ್ಲಿ ಮೂರು ವರ್ಷ ಕೆಲಸ ಮಾಡಿದ ನಾನು, ನಗರದ ನಡುವಿನ ಎ.ಸಿ. ಗಾರ್ಡ್ಸ್ ಬಡಾವಣೆಯ ಹೆಸರು ಕೇಳಿದಾಗಲೆಲ್ಲ ತಣ್ಣನೆಯ ಗಾಳಿಯ ಯಂತ್ರವನ್ನೇ ನೆನೆಯುತ್ತಿದ್ದೆ. ಅದು ಈ ಕುದುರೆ ಪಡೆಯ ಹೆಸರೆಂದು ತಿಳಿದದ್ದು ಇದೇ ಮೇಜಿನ ಬಳಿ. ಪೂರ್ವ ಆಫ್ರಿಕಾದಿಂದ ತರಲ್ಪಟ್ಟವರ, ಅವರ ಮಕ್ಕಳ ಪಡೆ. ಬಣ್ಣ ನೋಡಿ ಕಟ್ಟಿದ್ದು. ನಿಜಾಮರ ಮೆರವಣಿಗೆಗೆ ಶೋಭೆಯಾಗಿದ್ದ ಸಿದ್ದಿ ಸವಾರರಿಗೆ ಬೇರೆಯೇ ರಿಸಾಲೆ ಎಂಬ ಕುದುರೆ ದಳ, ಬೇರೆಯೇ ವಸತಿ. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಪಡೆ ಚದುರಿತು, ಹೆಸರು ಬಡಾವಣೆಗೆ ಉಳಿಯಿತು.

"ಇದರಾಗ ತಂದಿ ಹೆಸರು ಬರಿಯೋ ಕಾಲಂ ಐತ್ರಿ. ಭಾಳ ಮಂದಿಗೆ ಅಲ್ಲಿ 'ಹಬ್ಶಿ', ಅಂದ್ರ ಆಫ್ರಿಕಾದಾಂವ, ಅಂತಷ್ಟ ಬರದಾರ" ಎಂದು ಅಂಬುಬಾಯಿ ಒಂದು ಸಾಲಿನ ಮೇಲೆ ಬೆರಳು ತಾಗಿಸದೆ ತೋರಿಸುತ್ತಾರೆ. "ಕುದರಿಗೆ ಮಾತ್ರ ಪೂರಾ ಹೆಸರು, ಬಣ್ಣ, ವಯಸ್ಸು ಎಲ್ಲಾ ಬರದಾರ."

ದಫ್ತರ ಸಿಕ್ಕ ಸುದ್ದಿ ಹೇಗೋ ಎ.ಸಿ. ಗಾರ್ಡ್ಸ್ ತಲುಪಿತು. ಎಪ್ಪತ್ತಾರರ ಜುಲೇಖಾ ಬೀ ಆಟೊ ಹತ್ತಿ ಬಂದರು. ಅವರ ಅಜ್ಜ ಸಿದ್ದಿ ಮಬ್ರೂಕ್ ಇದೇ ಪಡೆಯ ಸವಾರ. ಓಣಿಯಲ್ಲಿ ಮೂರು ತಲೆಮಾರಿನಿಂದ ಅವರಿಗಿದ್ದ ಹೆಸರು ಫರಾರಿ, ಅಂದರೆ ಪಡೆ ಬಿಟ್ಟು ಓಡಿಹೋದವನು. ಸುಮಾರು ತೊಂಬತ್ತೈದು ವರ್ಷಗಳ ಹಿಂದೆ ಒಂದು ಮುಂಜಾನೆ ಹೋದ ಮಬ್ರೂಕ್ ಮರಳಲಿಲ್ಲ. ಹೆಂಡತಿ ಮತ್ತು ನಾಲ್ಕು ವರ್ಷದ ಮಗನನ್ನು ಸವಾರರ ಸಾಲುಮನೆಯಿಂದ ಹೊರಹಾಕಿದರು. ಆ ಮಗ ಹದಿನೆಂಟು ತುಂಬಿ ಪಡೆಯ ಭರ್ತಿಗೆ ಹೋದಾಗ, ಫರಾರಿಯ ಮಗನೆಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಮದುವೆಗಳಲ್ಲಿ ಮರ್ಫಾ ವಾದ್ಯ ಬಾರಿಸುತ್ತ ಬದುಕಿದ ಅವರೇ ಜುಲೇಖಾ ಅವರ ತಂದೆ.

ಅಂಬುಬಾಯಿ ಹೆಸರು ಹುಡುಕಿದರು. ಸಿಕ್ಕಿತು. ಹೆಸರಿನ ಮುಂದೆ ಒಂದೇ ಶಬ್ದ: ಗೈರ್‌ಹಾಜರ್. ಜುಲೇಖಾ ಬೀ ಕೈಚೀಲ ಎತ್ತಿಕೊಂಡು ಎದ್ದರು.

"ನಾ ಅಂದೆ, ಕುಂದರ್ರಿ ಆಪಾ. ಈ ಸಾಲು ಮುಗದಿಲ್ಲ. ಮುಂದ ಬರದದ್ದು ಹಿಂದಿನ ಮಗ್ಗಲಿಗೆ ಐತಿ, ಆ ಮಗ್ಗಲು ಇನ್ನೊಂದು ಹಾಳಿಗೆ ಹತ್ತಿಕೊಂಡೈತಿ."

ಬಿಡಿಸುವುದು ಸುಲಭವಿರಲಿಲ್ಲ. ಒಣಗಿದ್ದಾಗ ಎಳೆದರೆ ಕಾಗದ ಹರಿಯುತ್ತದೆ. ನೀರು ತಾಗಿದರೆ ಹಳೆಯ ಮಸಿ ಕರಗಿ ಅಕ್ಷರವೇ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಹಾಳೆಗೆ ತಾಗದಂತೆ ಪೆಟ್ಟಿಗೆಯಲ್ಲಿಟ್ಟು, ಬರೀ ತೇವದ ಗಾಳಿಯಲ್ಲಿ ಅದನ್ನು ಮೆತ್ತಗಾಗಿಸಿ, ದಿನಕ್ಕೆ ಒಂದು ಬೆರಳಿನಗಲ ಬಿಡಿಸಬೇಕು. ಹತ್ತೊಂಬತ್ತು ದಿನ ಹಿಡಿಯಿತು. ಏಳನೆಯ ದಿನ ಮಸಿ ಎದ್ದು ಮಬ್ರೂಕ್ ಅವರ ವಯಸ್ಸಿನ ಅಂಕಿ ಅಳಿಸಿಹೋಯಿತು. "ಅವತ್ತು ಬುತ್ತಿ ಬಿಚ್ಚಲಿಲ್ರಿ. ಅವನ ವಯಸ್ಸು ನಾನ ಕಳದೆ. ಇನ್ನ ಯಾರಿಗೂ ಅದು ಸಿಗೂದಿಲ್ಲ" ಎನ್ನುವಾಗ ಅವರ ದನಿ ಇಳಿಯುತ್ತದೆ.

ಇಪ್ಪತ್ತನೆಯ ದಿನ ಜುಲೇಖಾ ಬೀಯನ್ನು ಕರೆಸಿ, ಎದುರು ಕೂರಿಸಿ, ಅಂಬುಬಾಯಿ ಓದಿದರು. ಕವಾಯತಿನಲ್ಲಿ ಬೆದರಿದ ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ದವಾಖಾನೆಗೆ ಸೇರಿದ್ದು; ಮೂರನೆಯ ದಿನ ಮೃತಪಟ್ಟದ್ದು; ಮನೆಯವರಿಗೆ ತಿಳಿಸಲು ಬರೆದ ಆದೇಶ. ಆದೇಶದ ಮುಂದೆ, ತಿಳಿಸಿದವರು ಸಹಿ ಹಾಕಬೇಕಾದ ಜಾಗ ಖಾಲಿ.

ಜುಲೇಖಾ ಬೀ ಮತ್ತೊಮ್ಮೆ ಓದಿಸಿದರು. ಮೂರನೆಯ ಸಲವೂ ಓದಿಸಿದರು. ಆಮೇಲೆ ದಖನಿಯಲ್ಲಿ ಒಂದೇ ಮಾತು: "ಹಮಾರೇ ದಾದಾ ಭಾಗೇ ನೈ ಥೇ." ನಮ್ಮಜ್ಜ ಓಡಿಹೋಗಿರಲಿಲ್ಲ.

ಸಂಗ್ರಹದವರು ಆ ಹಾಳೆಯ ಒಂದು ನಕಲಿಗೆ ಮೊಹರು ಹಾಕಿ ಕೊಟ್ಟರು. ಶುಕ್ರವಾರ ಜುಲೇಖಾ ಬೀ ಅದನ್ನು ಓಣಿಯಲ್ಲಿ ಗಟ್ಟಿಯಾಗಿ ಓದಿಸಿದರು. ಫರಾರಿ ಎನ್ನುತ್ತ ಬಂದಿದ್ದ ಮನೆಯ ಹಿರಿಯರೊಬ್ಬರು ಜುಲೇಖಾ ಅವರ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ತಪ್ಪಾಯಿತೆಂದು ಹೇಳಿ, ಚಹಾ ಕುಡಿದು ಹೋದರು. ಮರುದಿನ ಜುಲೇಖಾ ಬೀ ತಂದೆಯ ಸಮಾಧಿಗೆ ಹೋಗಿ ಅಲ್ಲಿಯೂ ಓದಿಸಿದರು. ಅಂಬುಬಾಯಿಯನ್ನೂ ಕರೆದಿದ್ದರು. "ಹೋಗಿದ್ದೆ. ದೂರ ನಿಂತೆ. ಆಕಿ ಬಂದು ನನ್ನ ಕೈ ಹಿಡಕೊಂಡು, ನಿಮ್ಮ ಕೈ ನಡುಗಲಿಲ್ಲೇನು ಅಂತ ಕೇಳಿದ್ರು. ದಿನಾ ನಡಗತಿತ್ತು ಅಂದೆ."

ಅವರ ಹೆಸರು ಸಂಗ್ರಹದ ಯಾವ ಫಲಕದಲ್ಲೂ ಇಲ್ಲ. ಏನು ಬೇಕೆಂದು ಕೇಳಿದೆ. ಸನ್ಮಾನ, ಶಾಲು ಎಂದೇನೋ ನಾನೇ ಸೂಚಿಸಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಎಡಗಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಗೆ ಬರುವ ತಿಂಗಳ ದಿನ ಕೊಟ್ಟಿದ್ದಾರಂತೆ.

"ಕಣ್ಣು ಛಲೋ ಬಂದ್ರ ಸಾಕ್ರಿ. ಇನ್ನೂ ಮೂವತ್ತೇಳು ಹಾಳಿ ಹತ್ತಿಕೊಂಡ ಅದಾವ" ಎಂದು ದಫ್ತರದ ಕಡೆ ನೋಡಿದರು. "ಒಳಗ ಮಂದಿ ಅದಾರ."