ಹಳದಿ ಬೋರ್ಡಿನವರೆಗೆ

ನಮ್ಮ ಮನೆಯಲ್ಲಿ ಯಾರನ್ನಾದರೂ ಊರಿಗೆ ಕಳಿಸಿಕೊಡುವುದೆಂದರೆ ಬಾಗಿಲಲ್ಲಿ ನಿಂತು ಕೈ ಬೀಸುವುದಲ್ಲ. ಅಪ್ಪ ಶಿವನಿಯಲ್ಲಿ ರೈಲ್ವೆ ಗೇಟು ಕಾಯುತ್ತಿದ್ದ. ಸ್ಟೇಷನ್ನಿಗೆ ಕೂಗಿದರೆ ಕೇಳುವಷ್ಟು ಹತ್ತಿರದ ಕ್ವಾರ್ಟರ್ಸಿನಲ್ಲಿ ನಾನೂ ಅಣ್ಣನೂ ಬೆಳೆದೆವು. ನೆಂಟರು ಹೊರಟರೆಂದರೆ ಅವ್ವ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು, ಅವರ ಒಂದು ಚೀಲ ತಾನು ಹಿಡಿದುಕೊಂಡು ಸ್ಟೇಷನ್ನಿಗೆ ಬರುತ್ತಿದ್ದಳು. ಅಲ್ಲಿಗೂ ಮುಗಿಯುತ್ತಿರಲಿಲ್ಲ. ರೈಲು ಹೊರಟಾಗ ಕಿಟಕಿಯ ಪಕ್ಕಕ್ಕೇ ನಡೆಯುತ್ತ, ಹೇಳಿದ್ದನ್ನೇ ಮತ್ತೆ ಹೇಳುತ್ತ, ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ಊರಿನ ಹೆಸರು ಬರೆದ ಹಳದಿ ಬೋರ್ಡು ಇರುತ್ತದಲ್ಲ, ಅದರವರೆಗೆ ಹೋಗಿ ನಿಲ್ಲುತ್ತಿದ್ದಳು. ಕೊನೆಯ ಡಬ್ಬಿ ಮರೆಯಾದ ಮೇಲೆಯೇ ಅವಳು ತಿರುಗುತ್ತಿದ್ದುದು.

ಅಪ್ಪನಿಗೆ ಒಂದು ನಿಯಮವಿತ್ತು. ರೈಲಿನ ಅನ್ನ ತಿನ್ನುವವರು ಪುಕ್ಕಟೆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಬಾರದು ಎಂದು. ಹಾಗಾಗಿ ಅವ್ವ ಪ್ರತಿ ಸಲವೂ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸುವಳು. ಕೌಂಟರಿನವರು ನಗುತ್ತಿದ್ದರು. ನಿಮ್ಮನ್ನು ಯಾರು ಕೇಳುತ್ತಾರಮ್ಮ ಎನ್ನುತ್ತಿದ್ದರು. ಅವ್ವ ಮಾತ್ರ ಆ ಟಿಕೆಟನ್ನು ಎಲೆಅಡಿಕೆ ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡು, ಕೆಲಸಕ್ಕೆ ಹೊರಟವರ ಗತ್ತಿನಲ್ಲಿ ಮುಂದೆ ಹೋಗುತ್ತಿದ್ದಳು.

ಇಂಥ ಅವ್ವ ಒಬ್ಬನನ್ನು ಮಾತ್ರ ಸರಿಯಾಗಿ ಕಳಿಸಿಕೊಡಲಿಲ್ಲ. ಅಣ್ಣ ಒಂದು ಬೆಳಗ್ಗೆ ಬೈಕಿನಲ್ಲಿ ತರೀಕೆರೆಗೆ ಹೊರಟ. ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಹೋಗ್ಬತ್ತೀನಿ ಕಣವ್ವ ಅಂದ. ಹೂಂ ಅಂದಳು, ತಲೆ ಎತ್ತಲಿಲ್ಲ. ತರೀಕೆರೆಗೆ ತಾನೆ, ಮಧ್ಯಾಹ್ನ ಊಟಕ್ಕೆ ಬರುವವನು. ಲಾರಿ ಬಂದದ್ದು ತಿರುವಿನಲ್ಲಿ. ಆಸ್ಪತ್ರೆಯವರು ಅವನ ಮುಖ ತೋರಿಸಲಿಲ್ಲ. ಆಮೇಲೆ ಎಷ್ಟೋ ವರ್ಷ ಅವ್ವ ಮೊರ ಮುಟ್ಟಲಿಲ್ಲ. ರಾಗಿ, ಅಕ್ಕಿ ಎಲ್ಲ ನಾನೇ ಕೇರುತ್ತಿದ್ದೆ.

ಅಪ್ಪ ಅಷ್ಟರಲ್ಲಾಗಲೇ ಹೋಗಿದ್ದ. ಅವ್ವನನ್ನೂ ಅತ್ತಿಗೆಯನ್ನೂ ಕಡೂರಿನ ನನ್ನ ಮನೆಗೆ ಕರೆತಂದೆ. ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ನನಗಿಂತ ವಯಸ್ಸಿನಲ್ಲಿ ಚಿಕ್ಕವಳು. ಮಕ್ಕಳಾಗಿರಲಿಲ್ಲ. ನರ್ಸಿಂಗ್ ಓದಿದ್ದಳು. ವರ್ಷ ಕಳೆದ ಮೇಲೆ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕೇಳಿದವರೆಲ್ಲ ಗಂಡ ಸತ್ತವಳು ಅಷ್ಟು ದೂರ ಹೋಗುವುದೇ ಎಂದರು. ಹೋಗಲಿ ಎಂದವಳು ಅವ್ವ ಒಬ್ಬಳೇ. ಇಲ್ಲಿ ಕೂತು ನನ್ನ ಮುಖ ನೋಡ್ತಾ ನೋಡ್ತಾ ಅವಳು ಮುದುಕಿ ಆಗ್ಬೇಕೇನು ಅಂತ ನೆಂಟರ ಬಾಯಿ ಮುಚ್ಚಿಸಿದಳು. ಒಂದೇ ಷರತ್ತು: ವಿಮಾನ ಹತ್ತುವತನಕ ತಾನು ಜೊತೆಗೆ ಬರಬೇಕು.

ಮೊದಲ ಸಲ ಮೂವರೂ ಬೆಳಗಿನ ರೈಲು ಹಿಡಿದೆವು. ಕಡೂರು ಸ್ಟೇಷನ್ನಿನಲ್ಲಿ ಬೆಂಗಳೂರಿಗೆ ಟಿಕೆಟ್ ತೆಗೆಸುವಾಗ ಅವ್ವ, ನನಗೊಂದು ಪ್ಲಾಟ್‌ಫಾರ್ಮ್ ಟಿಕೆಟ್ಟೂ ತಗೋ ಅಂದಳು. ರೈಲಿನ ಟಿಕೆಟ್ಟೇ ಇದೆಯಲ್ಲ, ಯಾಕೆ ಎಂದರೆ, ನಾನೇನು ಹೋಗೋಳಾ, ಕಳ್ಸೋಳು ಅಂದಳು. ವಾದಿಸಿದರೆ ರೈಲು ತಪ್ಪೀತೆಂದು ತೆಗೆಸಿಕೊಟ್ಟೆ. ಯಶವಂತಪುರದಲ್ಲಿಳಿದು ಏರ್‌ಪೋರ್ಟ್ ಬಸ್ಸು ಹತ್ತಿದೆವು. ಹೆಬ್ಬಾಳ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ಉದ್ದಕ್ಕೂ ತಗಡಿನ ಗೋಡೆ ಕಟ್ಟಿದ್ದರು. ಅದರ ಸಂದಿಯಲ್ಲಿ ಬಾವಿಯಂಥ ಗುಂಡಿಗಳು, ಕೆಂಪು ಮಣ್ಣಿನ ಗುಡ್ಡೆ, ತಲೆಗೆ ಹಳದಿ ಟೋಪಿ ಹಾಕಿಕೊಂಡ ಕೂಲಿಯವರು. ಬಸ್ಸು ಒಂದೊಂದು ಮಾರು ತೆವಳುತ್ತಿತ್ತು.

ಏರ್‌ಪೋರ್ಟಿನ ಬಾಗಿಲಲ್ಲಿ ಬಂದೂಕಿನ ಜವಾನ ಅತ್ತಿಗೆಯ ಟಿಕೆಟ್ಟು, ಪಾಸ್‌ಪೋರ್ಟು ನೋಡಿ ಒಳಗೆ ಬಿಟ್ಟ. ಹಿಂದೆಯೇ ಅವ್ವ ಎಲೆಅಡಿಕೆ ಚೀಲ ಬಿಚ್ಚಿ, ಕಡೂರಿನ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ಅವನ ಮುಂದೆ ಹಿಡಿದಳು. ಅವನಿಗೆ ಕನ್ನಡ ಬಾರದು, ಇವಳಿಗೆ ಹಿಂದಿ ಬಾರದು. ಆ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ. ಪಾಪ, ನಗಲಿಲ್ಲ. ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು ತಲೆ ಅಲ್ಲಾಡಿಸಿದ. ಅವ್ವ ನನ್ನ ಕಡೆ ತಿರುಗಿ, ಇವತ್ತಿಂದೇ ಕಣೇ, ತಾರೀಕು ನೋಡು ಅಂತ ಹೇಳು ಅವನಿಗೆ ಅಂದಳು. ಏನಂತ ಹೇಳಲಿ? ಅತ್ತಿಗೆ ಒಳಗಿನಿಂದ ವಾಪಸು ಓಡಿಬಂದಳು. ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿದಳು. ಹಿಂದೆ ಜನ ನೂಕುತ್ತಿದ್ದರು. ಅಷ್ಟೇ. ಬಾಗಿಲು ಅವಳನ್ನು ನುಂಗಿಬಿಟ್ಟಿತು.

ವಾಪಸು ಬಸ್ಸಿನಲ್ಲಿ ಅವ್ವ, ಆ ತಗಡಿನ ಗೋಡೆ ಬಂದಾಗ, ಇದೇನು ಕಟ್ತಾವ್ರಪ್ಪಾ ಎಂದು ಕಂಡಕ್ಟರನ್ನು ಕೇಳಿದಳು.

“ಮೆಟ್ರೋ ರೈಲು ಕಣಜ್ಜಿ. ಏರ್‌ಪೋರ್ಟ್‌ಗೆ ಹೋಗುತ್ತೆ.”

“ಅದ್ರಲ್ಲಿ ಕಳ್ಸೋರೂ ಕೂರ್‌ಬೋದಾ?”

“ಟಿಕೆಟ್ ತಗೊಂಡ್ರೆ ಯಾರ್ ಬೇಕಾದ್ರೂ ಕೂರ್‌ಬೋದು. ಆದ್ರೆ ಆ ರೈಲು ಬರೋದ್ರೊಳಗೆ ನೀವು ನಿಮ್ಮೂರಿಗೆ ನಡ್ಕೊಂಡೇ ಹೋಗಿ ಸೇರ್ಕಬೋದು ಬಿಡಿ.”

ಬಸ್ಸಿನವರೆಲ್ಲ ನಕ್ಕರು. ಅವ್ವ ನಗಲಿಲ್ಲ. ರೈಲೆಂದರೆ ಅವಳಿಗೆ ಗೊತ್ತಿರುವ ವಿಷಯ. ಅವತ್ತು ರಾತ್ರಿ ಅತ್ತಿಗೆ ಮಸ್ಕತ್ತಿನಿಂದ ಫೋನು ಮಾಡಿದಾಗ ಊಟ ಆಯಿತೇ ಎಂದೂ ಕೇಳದೆ ಈ ವಿಷಯವನ್ನೇ ಹೇಳಿದಳು. ಅತ್ತಿಗೆಯೂ ಮಾತು ಕೊಟ್ಟಳು: ರೈಲು ಬಂದ ಮೇಲೆ ಕೊನೆಯ ಸ್ಟೇಷನ್ನಿನವರೆಗೂ ತನ್ನ ಪಕ್ಕದಲ್ಲೇ ಕೂತು ಬರಬಹುದು, ಅಲ್ಲಿ ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಜೊತೆಗೆ ನಡೆಯಬಹುದು ಎಂದು.

ಅಲ್ಲಿಂದ ನಮ್ಮ ಮನೆಗೆ ಆ ಕಾಮಗಾರಿ ಹೊಕ್ಕಿತು. ಪೇಪರಿನಲ್ಲಿ ಅದರ ಸುದ್ದಿ ಬಂದರೆ ನಾನು ಗಟ್ಟಿಯಾಗಿ ಓದಬೇಕು. ಎಷ್ಟು ಕಂಬ ಎದ್ದವು, ಎಲ್ಲಿ ಜಾಗದ ತಕರಾರು ಬಿತ್ತು, ಇಷ್ಟರೊಳಗೆ ಮುಗಿಸುತ್ತೇವೆ ಎಂದವರು ಮತ್ತೆ ಎಷ್ಟು ಮುಂದಕ್ಕೆ ಹಾಕಿದರು. ಮುಂದಕ್ಕೆ ಹಾಕಿದರೆಂದು ಓದುವಾಗ ನನಗೇ ಸಂಕಟ. ಅವ್ವನಿಗೆ ಸಿಟ್ಟು ಬರುತ್ತಿರಲಿಲ್ಲ. ಶಿವನಿಯಲ್ಲಿ ಒಂದು ಪ್ಲಾಟ್‌ಫಾರ್ಮ್ ಎತ್ತರಿಸಲಿಕ್ಕೇ ಎಷ್ಟು ಬೇಸಿಗೆ ಹಿಡಿಯಿತು ಎಂದು ನೆನಪು ಮಾಡಿಕೊಳ್ಳುವಳು. ಸಖರಾಯಪಟ್ಟಣದ ನಮ್ಮ ದಾಯಾದಿಯೊಬ್ಬ ತೆಂಗಿನಕಾಯಿ ಲೋಡು ಹಾಕಿಕೊಂಡು ದೇವನಹಳ್ಳಿ ಕಡೆಗೆ ಹೋಗುತ್ತಿದ್ದ. ಅವನು ಕಡೂರಿನಲ್ಲಿ ಕಾಫಿಗೆ ನಿಂತರೆ ಮೊದಲು ವರದಿ ಒಪ್ಪಿಸಬೇಕಿತ್ತು. ಎಷ್ಟೋ ಸಲ ನೋಡದೆಯೂ ಹೇಳುತ್ತಿದ್ದನೇನೋ. ದೊಡ್ಡವ್ವ, ಇವತ್ತು ಮೂರು ಕಂಬ ಜಾಸ್ತಿ ಕಾಣ್ತವೆ ಅನ್ನುವನು. ಅವ್ವ ಅವನಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸುವಳು.

ಅತ್ತಿಗೆ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದಳು. ಮೊದಲ ರಜೆ ಮುಗಿಸಿ ಹೊರಟಾಗ ತಗಡಿನ ಗೋಡೆಯ ಮೇಲಿಂದ ಕಂಬಗಳು ತಲೆ ತೂರಿಸಿದ್ದವು. ತುದಿಯಲ್ಲಿ ಕಬ್ಬಿಣದ ಸರಳುಗಳು ಹಾಗೇ ನೆಟ್ಟಗೆ ನಿಂತಿದ್ದವು. ಜೋಳದ ಕೂಳೆ ಇದ್ದಂಗದೆ ಅಂದಳು ಅವ್ವ. ಆ ಸಲವೂ ಬಾಗಿಲ ಹೊರಗೇ ಉಳಿದಳು. ಆದರೆ ಬೇಜಾರಿಲ್ಲದೆ ಉಳಿದಳು. ಮುಂದಿನ ಸಲ ಅಷ್ಟೊತ್ತಿಗೆ ಆಗಿರುತ್ತೆ ಬಿಡೇ ಎಂದು ನನಗೇ ಸಮಾಧಾನ ಹೇಳಿದಳು.

ಒಂದು ಅಭ್ಯಾಸವಿತ್ತು ಅತ್ತಿಗೆಗೆ. ಹೋಗುವಾಗ ಮನೆಯಲ್ಲಿ ಮೆಟ್ಟುವ ಹವಾಯಿ ಚಪ್ಪಲಿಯನ್ನು ಬಚ್ಚಲ ಬಾಗಿಲ ಪಕ್ಕ ಬಿಟ್ಟು ಹೋಗುತ್ತಿದ್ದಳು. ಇಲ್ಲೇ ಇರಲಿ, ಬರ್ತೀನಲ್ಲ ಅನ್ನುವಳು. ಆ ಎರಡು ವರ್ಷವೂ ಅವ್ವ ಮನೆ ಗುಡಿಸುವಾಗ ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಬೇರೆ ಯಾರೂ ಮೆಟ್ಟುವಂತಿಲ್ಲ.

ಎರಡನೆಯ ರಜೆಗೆ ಬಂದ ಅತ್ತಿಗೆ ಮೊದಲಿನ ಹಾಗಿರಲಿಲ್ಲ. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಇತ್ತು. ಆದರೆ ಅವ್ವ ಎದುರಿಗೆ ಕೂತರೆ ಮಾತು ನುಂಗುತ್ತಿದ್ದಳು. ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ನನಗೆ ಹೇಳಿದಳು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬರು ಇದ್ದಾರಂತೆ, ಹಾಸನದ ಕಡೆಯವರು. ಹೆಂಡತಿ ತೀರಿಕೊಂಡಿದ್ದಾರೆ, ಒಂದು ಹೆಣ್ಣು ಮಗು ಇದೆ. ಆ ಮಗು ತನ್ನನ್ನು ಬಿಟ್ಟಿರುವುದಿಲ್ಲವಂತೆ. ಅಲ್ಲೇ ಮದುವೆ, ಅಲ್ಲೇ ಸಂಸಾರ. ಇಷ್ಟು ಹೇಳಿ, ಅತ್ತೆಗೆ ಹೇಗೆ ಹೇಳೋದು ಎಂದು ಕಾಳಿನ ಬುಟ್ಟಿಯನ್ನೇ ನೋಡುತ್ತ ಕೂತಳು. ನನಗೆ ಸಂತೋಷವಾಯಿತು ಅಂದರೆ ಸುಳ್ಳಲ್ಲ. ಆದರೆ ಅಣ್ಣ ಇನ್ನೊಂದು ಸಲ ಹೋದ ಹಾಗೂ ಆಯಿತು. ನಾನು ಹೇಳುತ್ತೇನೆ ಬಿಡು ಅಂದೆ. ಹೇಳಲಿಲ್ಲ. ದಿನ ದೂಡಿದೆ. ಹೊರಡುವ ದಿನವೂ ಬಂತು.

ಆ ಬೆಳಗ್ಗೆ ಅತ್ತಿಗೆ ಹವಾಯಿ ಚಪ್ಪಲಿ ತೊಳೆದು ಒಣಗಿಸಿ ನನ್ನ ಕೈಗೆ ಕೊಟ್ಟಳು. ನೀನು ಹಾಕ್ಕೊ ಅಂದಳು. ಅವ್ವ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ ಅಲ್ಲೇ ನಿಂತಿದ್ದಳು. ನೋಡಿದಳು. ಕಡೂರು ಸ್ಟೇಷನ್ನಿನಲ್ಲಿ ಎಂದಿನಂತೆ ಪ್ಲಾಟ್‌ಫಾರ್ಮ್ ಟಿಕೆಟ್ ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ನಾನೇ ನೆನಪಿಸಿದೆ. ಬ್ಯಾಡ ಬಿಡು ಅಂದಳು.

ಏರ್‌ಪೋರ್ಟ್ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ, ಅತ್ತಿಗೆ ಅವಳ ಪಕ್ಕ, ನಾನು ಹಿಂದಿನ ಸೀಟಿನಲ್ಲಿ. ಈ ಸಲ ಕೆಲಸ ಬಹಳ ಮುಂದೆ ಬಂದಿತ್ತು. ತಗಡಿನ ಗೋಡೆ ಎಷ್ಟೋ ಕಡೆ ತೆಗೆದಿದ್ದರು. ಕಂಬದಿಂದ ಕಂಬಕ್ಕೆ ಸಿಮೆಂಟಿನ ದೋಣಿಗಳನ್ನು ಎತ್ತಿ ಕೂರಿಸಿದ ಹಾಗೆ ಹಾದಿ ಓಡಿತ್ತು. ಒಂದು ಕಡೆ ಸ್ಟೇಷನ್ನಿನ ಚಾವಣಿಯೂ ಎದ್ದಿತ್ತು. ಒಂದು ಜಾಗದಲ್ಲಿ ಮಾತ್ರ ಎರಡು ಕಂಬಗಳ ನಡುವೆ ಏನೂ ಇರಲಿಲ್ಲ. ಆ ಕಡೆಯ ಹಾದಿ ಅಲ್ಲಿಗೆ ಬಂದು ನಿಂತಿತ್ತು, ಈ ಕಡೆಯದೂ ಬಂದು ನಿಂತಿತ್ತು. ನಡುವೆ ಬರೀ ಬಿಸಿಲು. ಸಿಗ್ನಲ್ಲು ಬಿದ್ದು ಬಸ್ಸು ಸರಿಯಾಗಿ ಅದರ ಕೆಳಗೇ ನಿಂತಿತು.

ಅವ್ವ ಕತ್ತು ಹೊರಳಿಸಿ ಆ ಕಿಂಡಿಯನ್ನು ನೋಡಿದಳು. ಆಮೇಲೆ ಅದರಿಂದ ಕಣ್ಣು ತೆಗೆಯದೆ, ಪಕ್ಕದವಳಿಗಷ್ಟೇ ಕೇಳುವ ಹಾಗೆ ಅಂದಳು.

“ಇದು ಕೂಡೋ ಹೊತ್ತಿಗೆ ನೀನು ಬರಲ್ಲ, ಅಲ್ವೇನೇ?”

ಅತ್ತಿಗೆಯ ಹೆಗಲು ಅಲುಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅವ್ವ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಅಳ್ಬ್ಯಾಡ. ಯಾರು, ಎತ್ತ ಅಂತ ನಾನು ಕೇಳಲ್ಲ. ಒಳ್ಳೇರು ತಾನೆ?”

“ಒಳ್ಳೇರು ಅತ್ತೆ.”

“ಸಾಕು ಮತ್ತೆ.”

ಬಸ್ಸು ಹೊರಟಿತು. ಎಷ್ಟೋ ಹೊತ್ತಿನ ಮೇಲೆ, ಆ ಮಗುವಿಗೆ ವಯಸ್ಸೆಷ್ಟು ಎಂದು ಅವ್ವನೇ ಕೇಳಿದಳು. ಮಗುವಿನ ವಿಷಯ ನಾವ್ಯಾರೂ ಅವಳಿಗೆ ಹೇಳಿರಲಿಲ್ಲ. ಅವರೆಕಾಳು ಹಿಸುಕುತ್ತಿದ್ದಾಗ ಅವ್ವ ನಡುಮನೆಯಲ್ಲಿ ಮಲಗಿದ್ದಳು, ನಿದ್ದೆ ಮಾಡಿರಲಿಲ್ಲ. ಎಲ್ಲ ಕೇಳಿಸಿಕೊಂಡು ಅಷ್ಟು ದಿನ ಸುಮ್ಮನಿದ್ದಳು. ನಾವು ಹೇಳಲಿ ಎಂದು ಕಾದಿದ್ದಳೋ, ಹೇಳದೇ ಇರಲಿ ಎಂದಿದ್ದಳೋ, ಇವತ್ತಿಗೂ ನನಗೆ ಕೇಳುವ ಧೈರ್ಯವಿಲ್ಲ.

ಏರ್‌ಪೋರ್ಟಿನ ಬಾಗಿಲಲ್ಲಿ ಅತ್ತಿಗೆ ಬಗ್ಗಿದಳು. ಅವ್ವ ಎಲೆಅಡಿಕೆ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಅವಳ ಹಣೆಗೆ ಹಚ್ಚಿದಳು. ಗಲ್ಲ ಹಿಡಿದು ಮುಖ ಎತ್ತಿದಳು. ಹಿಂದಿನವರು ಗೊಣಗಿದರೂ ಬಿಡಲಿಲ್ಲ.

“ಅವನು ಹೋಗ್ಬತ್ತೀನಿ ಅಂದಾಗ ನಾನು ತಲೆ ಎತ್ತಿ ನೋಡ್ಲಿಲ್ಲ ಕಣೇ. ನಿನ್ನಾದ್ರೂ ನೋಡ್ಕಂತೀನಿ, ತಡಿ.”

ನೋಡಿದಳು. ಆಮೇಲೆ ಅವಳೇ ಕೈ ಬಿಟ್ಟು, ನಡಿ, ಹೊತ್ತಾಗುತ್ತೆ ಅಂದಳು.

ಅತ್ತಿಗೆ ಒಳಗೆ ಹೋದಳು. ಆ ಕಟ್ಟಡಕ್ಕೆ ಉದ್ದಕ್ಕೂ ಗಾಜಿನ ಗೋಡೆ. ಪೆಟ್ಟಿಗೆಯ ಗಾಡಿ ತಳ್ಳಿಕೊಂಡು ಅವಳು ಒಳಗೆ ಬಲಕ್ಕೆ ತಿರುಗಿದಳು. ನಾನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವ್ವ ನನ್ನ ಪಕ್ಕದಲ್ಲಿರಲಿಲ್ಲ. ಗಾಜಿನ ಹೊರಗೆ, ಅತ್ತಿಗೆಯ ಸಮಕ್ಕೆ, ತಾನೂ ನಡೆಯುತ್ತಿದ್ದಳು. ಟ್ಯಾಕ್ಸಿಗಳ ನಡುವೆ, ಬೇರೆಯವರ ಪೆಟ್ಟಿಗೆಗಳನ್ನು ದಾಟುತ್ತ, ಒಂದು ಕೈ ಗಾಜಿನ ಮೇಲೆ ಆಡಿಸುತ್ತ. ತುಟಿ ಅಲುಗುತ್ತಿತ್ತು. ಶಿವನಿಯಲ್ಲಿ ಕಿಟಕಿಯ ಪಕ್ಕ ನಡೆಯುವಾಗ ಹೇಳುತ್ತಿದ್ದ ಮಾತುಗಳೇ ಇರಬೇಕು, ಹೊತ್ತಿಗೆ ಸರಿಯಾಗಿ ಉಣ್ಣು, ತಲುಪಿದ ಕೂಡಲೇ ತಿಳಿಸು. ಅತ್ತಿಗೆಗೆ ಅವಳು ಕಂಡಳೋ ಇಲ್ಲವೋ ಗೊತ್ತಿಲ್ಲ. ಗಾಜು ಮುಗಿದು ಗೋಡೆ ಶುರುವಾಗುವಲ್ಲಿ ಅವ್ವ ನಿಂತಳು. ಹಳದಿ ಬೋರ್ಡಿನ ಹತ್ತಿರ ನಿಲ್ಲುತ್ತಿದ್ದ ಹಾಗೇ, ಕೈ ಕಟ್ಟಿಕೊಂಡು, ಎಷ್ಟೋ ಹೊತ್ತು.

ಈಗ ಅತ್ತಿಗೆಗೆ ಮದುವೆಯಾಗಿದೆ. ಹಬ್ಬಹುಣ್ಣಿಮೆಗೆ ಫೋನು ಬರುತ್ತದೆ. ಆ ಮಗು ಅವ್ವನಿಗೆ ಅಜ್ಜಿ ಅನ್ನುತ್ತದೆ, ಅವ್ವನೂ ಮಾತಾಡುತ್ತಾಳೆ. ರಜೆಗೆ ಬಂದರೆ ಅವರು ಹಾಸನಕ್ಕೆ ಹೋಗುತ್ತಾರೆ, ಅದು ಸರಿಯೇ. ಹವಾಯಿ ಚಪ್ಪಲಿ ನನ್ನ ಕಾಲಿಗೆ ಚಿಕ್ಕದು, ಹಾಗೇ ಎತ್ತಿಟ್ಟಿದ್ದೇನೆ. ಮೊನ್ನೆ ಮೊನ್ನೆ ಅವ್ವ ಮೊರ ಕೈಗೆತ್ತಿಕೊಂಡು ಅಂಗಳದಲ್ಲಿ ಕೂತಳು. ಗೇಟಿನಲ್ಲಿ ಸದ್ದಾದರೆ ಸಾಕು, ಕೇರುವುದನ್ನು ನಿಲ್ಲಿಸಿ ತಲೆ ಎತ್ತುತ್ತಾಳೆ. ಹಾಲಿನವನಾದರೂ ಸರಿ, ಬೀದಿ ತಿರುಗುವವರೆಗೆ ನೋಡುತ್ತಾಳೆ.

ಪೇಪರಿನಲ್ಲಿ ಆ ರೈಲಿನ ಸುದ್ದಿ ಬಂದಾಗ ಅಭ್ಯಾಸಬಲದಿಂದ ಓದಲು ಶುರುಮಾಡಿದೆ. ಬ್ಯಾಡ ಬಿಡು, ಅವರ ಪಾಡಿಗೆ ಅವರು ಕಟ್ಕಳ್ಲಿ ಅಂದಳು ಅವ್ವ. ಪೇಪರು ಮಡಿಸಿ ಒಳಗೆ ಹೊರಟೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಮೊರದ ಸದ್ದು ನಿಂತಿತು.

“ಆ ಕಿಂಡಿ ಮುಚ್ಚಿದ್ರಂತೇನೇ?”

ಅದನ್ನು ಬರೆದಿರಲಿಲ್ಲ. ಬರೆದಿಲ್ಲ ಕಣವ್ವ ಅಂದೆ. ಹೂಂ ಅಂದಳು.