ಟರ್ಬೈನಿನ ಬೆನ್ನಿಗೆ ಒಣಗುತ್ತಿದ್ದ ಸಿಗಡಿ

ಕೊರೋನಾದ ಗಲಾಟೆ ಮುಗಿದ ಮರುವರ್ಷದ ಮಳೆಗಾಲ. ಗಲ್ಫ್‌ನ ತೈಲ ಪ್ಲಾಟ್‌ಫಾರ್ಮ್‌ಗಳಲ್ಲಿ ಅರ್ಧ ಆಯುಷ್ಯ ಸವೆಸಿ ಶಿರಾಲಿಗೆ ಮರಳಿದ್ದ ನಾನು, ಭಟ್ಕಳದ ಹೊರವಲಯದ ಮೀನಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಪವರ್ ಹೌಸ್ ಇನ್‌ಚಾರ್ಜ್ ಆಗಿ ಸೇರಿಕೊಂಡಿದ್ದೆ. ಮನೆಯಲ್ಲಿ ಕೂತರೆ ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಕಿರಿಕಿರಿ ಮಾಡುತ್ತೇನೆಂದು ಹೆಂಡತಿಯೇ ನನ್ನನ್ನು ಕೆಲಸಕ್ಕೆ ಅಟ್ಟಿದ್ದಳು.

ಅಲ್ಲಿನ ಮಾಲೀಕರು ಎಲ್ಲಿಂದಲೋ ಒಂದು ಹಳೆಯ ಸಣ್ಣ ಗ್ಯಾಸ್ ಟರ್ಬೈನ್ ಜನರೇಟರ್ ತಂದು ಕೂರಿಸಿದ್ದರು. ಹೆಸರು ಗ್ಯಾಸ್, ಕುಡಿಯುವುದು ಡೀಸೆಲ್. ಗಾಳಿಯನ್ನು ಎಳೆದು ಒತ್ತಿ, ಅದರಲ್ಲಿ ಇಂಧನ ಉರಿಸಿ, ಆ ಬಿಸಿ ಅನಿಲದ ರಭಸದಿಂದ ಚಕ್ರ ತಿರುಗಿಸುವ ಯಂತ್ರ ಅದು. ಚಕ್ರಕ್ಕೆ ಜೋಡಿಸಿದ ಜನರೇಟರ್ ಕರೆಂಟ್ ಕೊಡುತ್ತದೆ, ಬಿಸಿ ಅನಿಲ ಹಿಂಬದಿಯ ಗೋಡೆಯಾಚೆ ಎಕ್ಸಾಸ್ಟ್ ಬಾಯಿಂದ ಹೊರಬೀಳುತ್ತದೆ. ಅದಕ್ಕೆ ಮೇಲಕ್ಕೊಂದು ಚಿಮಣಿ ಕಟ್ಟಿಸಿ ಎಂದು ನಾನು ಗಂಟಲು ಹರಿದುಕೊಂಡಿದ್ದೆ. ಮಳೆ ಕಳೆಯಲಿ ಎನ್ನುತ್ತಿದ್ದರು ಅವರು.

ಸ್ಟಾರ್ಟ್ ಮಾಡುವಾಗ ಮೊದಲು ಮೋಟಾರಿನಿಂದ ಬರೀ ತಿರುಗಿಸಿ, ಒಳಗಿನ ಹಳೆಯ ಹೊಗೆಯನ್ನೆಲ್ಲ ಗಾಳಿಯಿಂದ ಹೊರದಬ್ಬಬೇಕು. ಆಮೇಲೆ ಇಂಧನ, ಕಿಡಿ. ನಿಲ್ಲಿಸುವಾಗ ಲೋಡ್ ನಿಧಾನಕ್ಕೆ ಇಳಿಸಿ, ಸ್ವಲ್ಪ ಹೊತ್ತು ಖಾಲಿ ಓಡಿಸಿ, ನಂತರ ಇಂಧನ ಕಡಿಯಬೇಕು. ಆಗಲೂ ಆಯಿಲ್ ಪಂಪ್ ಓಡುತ್ತಲೇ ಇರಬೇಕು, ಇಲ್ಲದಿದ್ದರೆ ಒಳಗೆ ಉಳಿದ ಬಿಸಿಗೆ ಬೇರಿಂಗ್ ಸುಟ್ಟುಹೋಗುತ್ತದೆ. ಸದ್ದು ನಿಂತ ಎಷ್ಟೋ ಹೊತ್ತಿನವರೆಗೆ ಅದರ ಹಿಂಬದಿ ಬಚ್ಚಲೊಲೆಯ ಹಾಗೆ ಬೆಚ್ಚಗಿರುತ್ತದೆ.

ಇದನ್ನೆಲ್ಲ ಕಲಿತ ಆಪರೇಟರ್ ಪಕ್ಕದ ಬೆಳಕೆ ಊರಿನ ಮೋಹನ. ಮೊದಲು ಬೋಟಿನ ಡ್ರೈವರ್ ಆಗಿದ್ದವನು. ಕೈಚಳಕವಿತ್ತು, ತಾಳ್ಮೆ ಮಾತ್ರ ಕಡಿಮೆ. ಅವನ ತಾಯಿ ನಾಗಮ್ಮ ಅದೇ ಘಟಕದಲ್ಲಿ ಮೀನು ವಿಂಗಡಿಸುವ ಕೆಲಸದಲ್ಲಿದ್ದಳು.

ಆವತ್ತು ಬೆಳಿಗ್ಗೆ ಟರ್ಬೈನ್ ಓಡಿಸಿ, ಲೈನ್ ಕರೆಂಟ್ ಬಂದ ಮೇಲೆ ಕ್ರಮವಾಗಿಯೇ ನಿಲ್ಲಿಸಿದ್ದೆವು. ಊಟದ ಹೊತ್ತಿಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಮತ್ತೆ ಕತ್ತಲು. ಮೋಹನ ಬಟನ್ ಒತ್ತಿದ. ಯಂತ್ರ ತಿರುಗಿತು, ಡೀಸೆಲ್ ಹೋಯಿತು, ಬೆಂಕಿ ಮಾತ್ರ ಹಿಡಿಯಲಿಲ್ಲ. ಉಷ್ಣತೆಯ ಮುಳ್ಳು ಅಲುಗಲಿಲ್ಲ. ಯಂತ್ರ ತಾನಾಗಿಯೇ ಟ್ರಿಪ್ ಆಗಿ ನಿಂತಿತು.

"ಇನ್ನೊಂದ್ ಸಲ ಒತ್ತಿರೆ ಹಿಡೀತದೆ ಸರ್," ಎಂದ ಅವನು.

ಬೋಟಿನ ಎಂಜಿನ್ ಹಿಡಿಯದಿದ್ದರೆ ಹಿಡಿಯುವ ತನಕ ತಿರುಗಿಸುವುದು ಅವರ ರೂಢಿ. ಇಲ್ಲಿ ಅದು ನಡೆಯುವುದಿಲ್ಲ. ಉರಿಯದ ಡೀಸೆಲ್ ಒಳಗೆ ಕೂತಿರುತ್ತದೆ. ಮುಂದಿನ ಕಿಡಿಗೆ ಅಷ್ಟೂ ಒಟ್ಟಿಗೆ ಹತ್ತಿಕೊಂಡು, ಎಕ್ಸಾಸ್ಟ್ ಬಾಯಿಂದ ಬೆಂಕಿಯ ನಾಲಿಗೆ ಹೊರಗೆ ಚಾಚುತ್ತದೆ. ಮೊದಲು ಡ್ರೇನ್ ವಾಲ್ವ್ ತೆರೆದು ಅದನ್ನು ಬಸಿಯಬೇಕು. ಅಷ್ಟರಲ್ಲಿ ಕುಮಟಾದ ಆಫೀಸಿನಿಂದ ಮ್ಯಾನೇಜರ್ ಫೋನಿನಲ್ಲಿ ಕೂಗಾಡತೊಡಗಿದ, ಕೋಲ್ಡ್ ರೂಮಿನ ಮೀನು ಹಾಳಾದರೆ ನೀವೇ ಹೊಣೆ ಎಂದು. ನನಗೆ ಸಿಟ್ಟು ನೆತ್ತಿಗೇರಿತು. ಫೋನ್ ಕಡಿದು, ಪ್ಯಾನೆಲ್ಲಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. ಯಂತ್ರದ ಹತ್ತಿರ ಹೋಗುವವನ ಜೇಬಿನಲ್ಲೇ ಕೀ ಇರಬೇಕು, ಇದು ಪ್ಲಾಟ್‌ಫಾರ್ಮ್‌ನ ಪಾಠ. ತನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಮೋಹನ ಮುಖ ಊದಿಸಿಕೊಂಡ.

ಡ್ರೇನ್ ವಾಲ್ವ್ ತೆರೆಯಲೆಂದು ಹಿಂಬಾಗಿಲು ತೆರೆದೆ. ಡೀಸೆಲ್ಲಿನ ಬಿಳಿ ಮಂಜು ಇನ್ನೂ ಗಾಳಿಯಲ್ಲಿ ತೂಗುತ್ತಿತ್ತು. ಅದರೊಳಗೆ ಯಾರೋ ಮಂಡಿಯೂರಿ ಕೂತಿದ್ದರು. ಎಕ್ಸಾಸ್ಟ್ ಬಾಯಿಗೆ ಎದುರಾಗಿ ಒಂದು ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ತಟ್ಟೆಗಳು, ಸುತ್ತ ಚೆಲ್ಲಾಡಿದ ಸಿಗಡಿ, ಇಲ್ಲಿಯವರ ಬಾಯಲ್ಲಿ ಶೆಟ್ಲಿ. ನಾಗಮ್ಮ ಅರ್ಧ ದೇಹವನ್ನು ಆ ಬಾಯೊಳಗೆ ತೂರಿಸಿ ಸಿಗಡಿ ಹೆಕ್ಕುತ್ತಿದ್ದಳು. ಅವಳ ಸೀರೆ ಡೀಸೆಲ್ಲಿನಲ್ಲಿ ಒದ್ದೆಯಾಗಿತ್ತು.

"ಎಂತ ಗಾಳಿ ಬಿಟ್ರಿ ಸಾಹೇಬ್ರೆ, ನನ್ನ ಶೆಟ್ಲಿ ಎಲ್ಲಾ ಹಾರಿ ಹೋತು," ಎಂದಳು ತಿರುಗಿ ನೋಡಿ.

ರಟ್ಟೆ ಹಿಡಿದು ಎಳೆದೆ. ತಟ್ಟೆ ಬಿಡಲಾರದೆ ಅವಳು ನನ್ನನ್ನೇ ಬೈದಳು. ಸಮುದ್ರದ ನಡುವೆ ಬೆಂಕಿ ಕಂಡವನು ನಾನು, ಆದರೆ ಆ ಅಂಗಳದಲ್ಲಿ ಹೆದರಿದ ಹಾಗೆ ಎಲ್ಲೂ ಹೆದರಿರಲಿಲ್ಲ. ಆ ಮೊದಲ ಸಲವೇ ಕಿಡಿ ಹತ್ತಿದ್ದರೆ?

ಆಮೇಲೆ ಗೊತ್ತಾಯಿತು. ಮಳೆಗಾಲದಲ್ಲಿ ಹೊನ್ನಾವರದ ಹೊಳೆಯ ಸಿಗಡಿ ಸಿಗುತ್ತದೆ, ಒಣಗಿಸಲು ಬಿಸಿಲು ಸಿಗುವುದಿಲ್ಲ. ಟರ್ಬೈನ್ ನಿಂತ ಕೂಡಲೇ ಹೆಂಗಸರು ಸರದಿಯಂತೆ ಅದರ ಬೆನ್ನಿಗೆ ತಟ್ಟೆ ಇಡುತ್ತಿದ್ದರು. ಘಟಕಕ್ಕೆಲ್ಲ ಗೊತ್ತಿದ್ದ ಗುಟ್ಟು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಸದ್ದು ಶುರುವಾದರೆ ಎದ್ದು ಓಡುವುದು ಅವರ ಕ್ರಮ. ಆವತ್ತೂ ಉಳಿದವರು ಓಡಿದ್ದರು, ನಾಗಮ್ಮ ಮಾತ್ರ ಸಿಗಡಿಗಾಗಿ ಉಳಿದಳು. ಸ್ಟ್ಯಾಂಡ್ ಮಾಡಿಕೊಟ್ಟವನು ಮೋಹನ. ಸದ್ದು ನಿಂತ ಮೇಲೆ ಎಂತದೂ ಆಗೂದಿಲ್ಲ ಎಂದು ಹೇಳಿದವನೂ ಅವನೇ. ಕರೆಂಟ್ ಹೋದ ಗಡಿಬಿಡಿಯಲ್ಲಿ ಅದು ಅವನ ತಲೆಯಲ್ಲೇ ಇರಲಿಲ್ಲ.

ಅವಳನ್ನು ಒಳಗೆ ಕರೆತಂದಾಗ ಅವನು ಇನ್ನೂ ಪ್ಯಾನೆಲ್ಲಿನ ಮುಂದೆಯೇ ನಿಂತಿದ್ದ. ತಾಯಿಯ ಸೀರೆ ನೋಡಿದ. ವಾಸನೆ ಮೂಗಿಗೆ ಬಡಿಯಿತು. ಪ್ಯಾನೆಲ್ಲಿನ ಖಾಲಿ ಕೀ ತೂತಿನತ್ತ ತಿರುಗಿದ.

"ಕೀ ಇಲ್ಲೇ ಇದ್ದಿದ್ರೆ ನಾ ಒತ್ತೇ ಬಿಡ್ತಿದ್ದೆ ಸರ್."

ನಾಗಮ್ಮನಿಗೆ ಆಗಲೇ ಅರ್ಥವಾದದ್ದು. ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಡೀಸೆಲ್ ಬಸಿದು, ಒಳಗೆಲ್ಲ ಗಾಳಿ ಹಾಯಿಸಿ, ಮಸಿ ಹಿಡಿದಿದ್ದ ಕಿಡಿ ಕೊಡುವ ಪ್ಲಗ್ ಬದಲಿಸಿ ಯಂತ್ರ ಹೊರಡಿಸುವಷ್ಟರಲ್ಲಿ ಸಂಜೆಯಾಗಿತ್ತು. ಒಂದಷ್ಟು ಮೀನು ಹಾಳಾಯಿತು. ನಡೆದದ್ದನ್ನು ಹೇಳಿದ ಮೇಲೆ ಮ್ಯಾನೇಜರ್ ಆ ಮೀನಿನ ಸುದ್ದಿ ಎತ್ತಲಿಲ್ಲ. ಮಳೆ ಕಳೆಯುವ ಮೊದಲೇ ಚಿಮಣಿಯೂ ಎದ್ದಿತು.

ಬೇರಿಂಗ್ ತಣ್ಣಗಾದರೆ ಶಟ್‌ಡೌನ್ ಮುಗಿಯಿತು ಎಂದು ಪ್ಲಾಟ್‌ಫಾರ್ಮ್‌ನಲ್ಲಿ ಕಲಿತಿದ್ದೆ. ಯಂತ್ರದ ಬಿಸಿಗೆ ಯಾರು ಬಂದು ಕೂತಿದ್ದಾರೆಂದು ನೋಡುವವರೆಗೂ ಅದು ಮುಗಿಯುವುದಿಲ್ಲ ಎಂದು ಕಲಿಸಿದ್ದು ಭಟ್ಕಳ. ನಾಗಮ್ಮ ಈಗ ಕೆಲಸ ಬಿಟ್ಟು ಬೆಳಕೆಯ ಮನೆಯಲ್ಲಿದ್ದಾಳೆ. ಆದರೂ ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಮೋಹನ ಕೀ ಜೇಬಿಗೆ ಹಾಕಿಕೊಂಡು ಹಿಂಬದಿಗೆ ಹೋಗುತ್ತಾನೆ. "ಅಮ್ಮಾ, ಇದ್ಯಾ?" ಎಂದು ಕೂಗಿ, ಉತ್ತರ ಬಾರದಿದ್ದ ಮೇಲೆಯೇ ಬಂದು ಬಟನ್ ಒತ್ತುತ್ತಾನೆ.